ಒಂದೇ ಫೈಬರ್, ಎರಡು ಉತ್ತರ: ಕೋಟಿಂಗ್ ದಪ್ಪ ಎಷ್ಟು?

ಪ್ರಶ್ನೆ: ನಾನು ಗ್ಲಾಸ್ ಫೈಬರ್ ಎಳೆಗಳನ್ನ ಪಾಲಿಮರ್ ದ್ರಾವಣದಲ್ಲಿ ಅದ್ದಿ ತೆಗೆದು ಒಣಗಿಸಿ ಕೋಟಿಂಗ್ ಮಾಡ್ತಾ ಇದೀನಿ. ಬರೀ ಎಳೆ ವ್ಯಾಸ 16 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ಕೋಟಿಂಗ್ ಆದ ಎಳೆನ ಸ್ಲೈಡ್ ಮೇಲೆ ಮಲಗಿಸಿ ಮೈಕ್ರೋಸ್ಕೋಪಲ್ಲಿ ಫೋಟೋ ತೆಗೆದು ಇಮೇಜ್‌ಜೆ ಸಾಫ್ಟ್‌ವೇರಲ್ಲಿ ಅಳೆದ್ರೆ ಹೊರಗಿನ ಅಗಲ 32, ಒಳಗಿನ ಎಳೆ 24, ಅಂದ್ರೆ ಕೋಟಿಂಗ್ 4 ಮೈಕ್ರಾನ್ ಬರುತ್ತೆ. ಅದೇ ಎಳೆನ ರೆಸಿನ್‌ನಲ್ಲಿ ಕೂರಿಸಿ ಅಡ್ಡ ಕತ್ತರಿಸಿ ನೋಡಿದ್ರೆ 9 ಬರುತ್ತೆ. ಗೈಡ್ ಕೇಳಿದ್ರೆ ಯಾವುದನ್ನ ಹೇಳ್ಲಿ ಸರ್?
- ಎಂ.ಟೆಕ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಎರಡನ್ನೂ ಹೇಳ್ಬೇಡಿ, ನಿಮ್ಮ ಪತ್ರದಲ್ಲೇ ಉತ್ತರ ಇದೆ. ಬರೀ ಎಳೆ 16 ಇದ್ದದ್ದು ಕೋಟಿಂಗ್ ಒಳಗೆ ಹೋದ ಮೇಲೆ 24 ಹೇಗಾಯ್ತು? ಗಾಜು ಊದ್ಕೊಳ್ಳೋ ವಸ್ತು ಅಲ್ವಲ್ಲ. ಮನೇಲಿ ಉಪ್ಪುನೀರಲ್ಲಿ ನೆಲ್ಲಿಕಾಯಿ ಹಾಕಿಟ್ಟ ದುಂಡನೆ ಗಾಜಿನ ಬಾಟಲಿ ನೋಡಿದೀರಲ್ಲ, ಪಕ್ಕದಿಂದ ನೋಡಿದ್ರೆ ಕಾಯಿ ಇರೋದಕ್ಕಿಂತ ದಪ್ಪ ಕಾಣ್ಸುತ್ತೆ, ಹೊರಗೆ ತೆಗೆದ್ರೆ ಸಣ್ಣದು. ನಿಮ್ಮ ಕೋಟಿಂಗೂ ಹಂಗೇ ಒಂದು ದುಂಡನೆ ಲೆನ್ಸ್ ಥರ ಕೆಲಸ ಮಾಡ್ತಿದೆ. ಪಾಲಿಮರಿನ ವಕ್ರೀಭವನ ಸೂಚ್ಯಂಕ, ಅಂದ್ರೆ ಬೆಳಕನ್ನ ಎಷ್ಟು ಬಗ್ಗಿಸುತ್ತೆ ಅನ್ನೋ ಅಳತೆ, ಸುಮಾರು 1.5 ಅಂದ್ಕೊಂಡ್ರೆ ಗಾಳಿಯಿಂದ ನೋಡುವಾಗ ಒಳಗಿನ ಎಳೆ ಒಂದೂವರೆ ಪಟ್ಟು ದೊಡ್ಡದಾಗಿ ಕಾಣುತ್ತೆ, 16 ಇಂಟು 1.5 ಅಂದ್ರೆ ಸರಿಯಾಗಿ 24! ಹೊರಗಿನ ಅಂಚು ಮಾತ್ರ ಸುಳ್ಳು ಹೇಳಲ್ಲ, ಅದು ನಿಜಕ್ಕೂ 32. ಹಾಗಾಗಿ 32ರಲ್ಲಿ 16 ಕಳೆದು ಎರಡರಿಂದ ಭಾಗಿಸಿ, 8 ಮೈಕ್ರಾನ್. ಇನ್ಮುಂದೆ ಪಕ್ಕದಿಂದ ತೆಗೆದ ಫೋಟೋದಲ್ಲಿ ಒಳಗಿನ ಗೆರೆ ಮುಟ್ಟಲೇಬೇಡಿ, ಪ್ರತಿ ಎಳೆಯ ಒಂದು ತುದಿನ ಅದ್ದದೆ ಹಾಗೇ ಬಿಟ್ಟು ಬರೀ ವ್ಯಾಸ ಅಲ್ಲಿ ಅಳೀರಿ.

ಹಾಗಾದ್ರೆ ಅಡ್ಡ ಕತ್ತರಿಸಿದಾಗ 9 ಯಾಕೆ ಬಂತು? ಸೌತೆಕಾಯಿನ ಓರೆಯಾಗಿ ಹೆಚ್ಚಿದ್ರೆ ಬಿಲ್ಲೆ ಉದ್ದ ಆಗುತ್ತಲ್ಲ, ಸಿಪ್ಪೆನೂ ಆ ಕಡೆ ಈ ಕಡೆ ದಪ್ಪ ಕಾಣುತ್ತಲ್ಲ, ಅಷ್ಟೇ. ರೆಸಿನ್ ಒಳಗೆ ಎಳೆ ನೆಟ್ಟಗೆ ನಿಂತಿರಲ್ಲ, ಒಂದು 27 ಡಿಗ್ರಿ ವಾಲಿದ್ರೂ ಸಾಕು 8 ಇದ್ದದ್ದು 9 ಆಗುತ್ತೆ. ಚಿತ್ರದಲ್ಲಿ ಎಳೆ ದುಂಡಗಿದೆಯಾ ಮೊಟ್ಟೆ ಆಕಾರದಲ್ಲಿದೆಯಾ ನೋಡಿ. ಇಮೇಜ್‌ಜೆಯಲ್ಲಿ ಸೆಟ್ ಮೆಷರ್ಮೆಂಟ್ಸ್‌ಗೆ ಹೋಗಿ ಫಿಟ್ ಎಲಿಪ್ಸ್ ಟಿಕ್ ಮಾಡಿದ್ರೆ ಉದ್ದ ಅಕ್ಷ, ಗಿಡ್ಡ ಅಕ್ಷ ಎರಡೂ ಕೊಡುತ್ತೆ, ಗಿಡ್ಡ ಅಕ್ಷವೇ ನಿಜವಾದ ವ್ಯಾಸ. ಹೊರಗಿನ ಗಿಡ್ಡ ಅಕ್ಷದಲ್ಲಿ ಒಳಗಿನ ಗಿಡ್ಡ ಅಕ್ಷ ಕಳೆದು ಅರ್ಧ ಮಾಡಿ, ನೀವು ಪಾಲಿಷ್ ಮಾಡುವಾಗ ಅಂಚು ಕಿತ್ತು ಬಂದಿಲ್ಲ ಅಂದ್ರೆ ಅಲ್ಲೂ 8ರ ಹತ್ರಾನೇ ಬರಬೇಕು.

ಈ ಇಮೇಜ್‌ಜೆ ಬಗ್ಗೆ ನಂಗೆ ತುಂಬಾ ಅಭಿಮಾನ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಅನ್ನೋರು 1997ರಲ್ಲಿ ಶುರು ಮಾಡಿದ್ದು, ಇವತ್ತಿಗೂ ಪುಕ್ಕಟೆ, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ. ಆದ್ರೆ ಅದು ಪಿಕ್ಸೆಲ್ ಎಣಿಸುತ್ತೆ ಅಷ್ಟೇ, ಮೈಕ್ರಾನ್ ಏನು ಅಂತ ನೀವೇ ಹೇಳ್ಕೊಡಬೇಕು. ಫೋಟೋದಲ್ಲಿ ಅಳತೆ ತೋರಿಸೋ ಪಟ್ಟಿ, ಅಂದ್ರೆ ಸ್ಕೇಲ್ ಬಾರ್ ಮೇಲೆ ಗೆರೆ ಎಳೆದು ಸೆಟ್ ಸ್ಕೇಲ್ ಕೊಡ್ತೀರಲ್ಲ, ಅದನ್ನ ಚಿತ್ರ ಚೆನ್ನಾಗಿ ಝೂಮ್ ಮಾಡ್ಕೊಂಡು ಎಳೀರಿ. 50 ಮೈಕ್ರಾನ್ ಬಾರ್ 100 ಪಿಕ್ಸೆಲ್ ಇದ್ರೆ ನಿಮ್ಮ 8 ಮೈಕ್ರಾನ್ ಕೋಟಿಂಗ್ ಬರೀ 16 ಪಿಕ್ಸೆಲ್, ಎರಡು ಅಂಚಲ್ಲಿ ಒಂದೊಂದು ಪಿಕ್ಸೆಲ್ ತಪ್ಪಿದ್ರೂ 1 ಮೈಕ್ರಾನ್ ಹೋಯ್ತು. ಅದೇ ಬಾರ್ 400 ಪಿಕ್ಸೆಲ್ ಬರೋ ಹಾಗೆ ಲೆನ್ಸ್ ಬದಲಾಯಿಸಿದ್ರೆ ತಪ್ಪು ಕಾಲು ಮೈಕ್ರಾನ್‌ಗೆ ಇಳಿಯುತ್ತೆ. ಫೋಟೋನ ಟಿಫ್‌ನಲ್ಲೇ ಸೇವ್ ಮಾಡಿ, ಜೆಪೆಗ್ ಮಾಡಿದ್ರೆ ಅಂಚು ಕಲಸಿಹೋಗುತ್ತೆ, ವಾಟ್ಸಾಪಲ್ಲಿ ಕಳಿಸಿದ ಫೋಟೋ ಅಂತೂ ಅಳೆಯೋಕೆ ತಗೋಲೇಬೇಡಿ. ಸ್ಕೇಲ್ ಮೇಲೆ ಅನುಮಾನ ಇದ್ರೆ ಟೆಲಿಕಾಂ ಆಪ್ಟಿಕಲ್ ಫೈಬರ್ ತುಂಡೊಂದರ ಕೋಟಿಂಗ್ ಸುಲಿದು ಅಳೆದು ನೋಡಿ, ಅದರ ಗಾಜಿನ ವ್ಯಾಸ 125 ಮೈಕ್ರಾನ್, ತಯಾರಿಕೇಲಿ 1 ಮೈಕ್ರಾನ್ ಆಚೀಚೆ ಅಷ್ಟೇ. ನಿಮಗೆ 131 ಬಂದ್ರೆ ತಪ್ಪು ನಿಮ್ಮ ಸ್ಕೇಲಲ್ಲೇ ಇದೆ.

ಇನ್ನೊಂದು ಮಾತು, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಒಂದೇ ಜಾಗದಲ್ಲಿ ಅಳೆದು ಬಿಡಬೇಡಿ. ಬೆಳಿಗ್ಗೆ ಬೇಲಿ ಮೇಲಿನ ಜೇಡರ ಬಲೇಲಿ ಇಬ್ಬನಿ ಮಣಿ ಪೋಣಿಸಿದ ಹಾಗೆ ನಿಂತಿರುತ್ತಲ್ಲ, ಒದ್ದೆ ಇರೋ ಕೋಟಿಂಗೂ ಎಳೆ ಮೇಲೆ ಹಂಗೇ ಮಣಿಮಣಿಯಾಗಿ ಒಡೆಯೋಕೆ ನೋಡುತ್ತೆ, ಮೇಲ್ಮೈ ಸೆಳೆತದ ಕೆಲಸ ಅದು, 19ನೇ ಶತಮಾನದಲ್ಲೇ ಪ್ಲಾಟೊ, ರೇಲೀ ಅನ್ನೋ ವಿಜ್ಞಾನಿಗಳು ಲೆಕ್ಕ ಹಾಕಿಟ್ಟಿದಾರೆ. ಪೂರ್ತಿ ಒಡೆಯೋ ಮುಂಚೆ ಒಣಗಿದ್ರೂ ಉಬ್ಬುತಗ್ಗು ಉಳಿಯುತ್ತೆ. ಹಾಗಾಗಿ ಎಳೆ ಉದ್ದಕ್ಕೂ ಸಮ ದೂರದಲ್ಲಿ ಒಂದು ಇಪ್ಪತ್ತು ಕಡೆ ಅಳೀರಿ, ಚೆನ್ನಾಗಿ ಕಾಣೋ ಜಾಗ ಹುಡುಕಿ ಆರಿಸ್ಕೋಬೇಡಿ. ಒಂದು ಜಾಗನ ಮಾತ್ರ ಐದು ಸಲ, ಹಿಂದಿನ ಅಂಕಿ ನೋಡದೆ ಅಳೆದು ನಿಮ್ಮ ಕೈ ಎಷ್ಟು ಅಲ್ಲಾಡುತ್ತೆ ತಿಳ್ಕೊಳ್ಳಿ. ಕೈಯ ವ್ಯತ್ಯಾಸ ಅರ್ಧ ಮೈಕ್ರಾನ್ ಇದ್ದು ಎಳೆ ಉದ್ದಕ್ಕೂ ವ್ಯತ್ಯಾಸ 2 ಮೈಕ್ರಾನ್ ಬಂದ್ರೆ ಅದು ಕೋಟಿಂಗಿನದೇ, ಗೈಡ್ ಹತ್ರ ಧೈರ್ಯವಾಗಿ ಹೇಳಿ.

ಪ್ರಶ್ನೆ: ರೇಷ್ಮೆ ನೂಲಿನ ಮೇಲಿರೋ ಅಂಟಿನ ದಪ್ಪನೂ ಹೀಗೇ ಫೋಟೋದಲ್ಲಿ ಅಳೀಬಹುದಾ?
- ರೀಲಿಂಗ್ ಮಾಡುವವರು, ಶಿಡ್ಲಘಟ್ಟ

ಉತ್ತರ: ಅಳೀಬಹುದು ಸರ್, ಆದ್ರೆ ವ್ಯಾಸದ ಲೆಕ್ಕ ನಡೆಯಲ್ಲ. ಗೂಡಿನ ಒಂದು ಎಳೆ ಒಳಗೆ ಎರಡು ಫೈಬ್ರಾಯಿನ್ (ರೇಷ್ಮೆಯ ಮೂಲ ಪ್ರೋಟೀನ್) ಎಳೆ ಇರುತ್ತೆ, ಅಡ್ಡ ಕತ್ತರಿಸಿದ್ರೆ ಅವು ದುಂಡಗಿರಲ್ಲ, ಮೂಲೆ ಸವೆದ ತ್ರಿಕೋನದ ಹಾಗೆ, ಅಂಟು ಅಂದ್ರೆ ಸೆರಿಸಿನ್ ಎರಡನ್ನೂ ಸುತ್ತಿ ಹಿಡಿದಿರುತ್ತೆ, ಒಂದು ಕಡೆ ತೆಳ್ಳಗೆ ಒಂದು ಕಡೆ ದಪ್ಪ. ಅದಕ್ಕೆ ಪೂರ್ತಿ ಎಳೆಯ ವಿಸ್ತೀರ್ಣದಲ್ಲಿ ಒಳಗಿನ ಎರಡರ ವಿಸ್ತೀರ್ಣ ಕಳೆದು ಅಂಟಿನ ಪಾಲು ಎಷ್ಟು ಅಂತ ನೋಡ್ಬೇಕು. ನಿಮ್ಮ ಕೆಲಸಕ್ಕೆ ಅಷ್ಟೆಲ್ಲ ಬೇಕಿಲ್ಲ. ನೂಲನ್ನ ಚೆನ್ನಾಗಿ ಒಣಗಿಸಿ ತೂಕ ಮಾಡಿ, ಸೋಪಿನ ನೀರಲ್ಲಿ ಕುದಿಸಿ ಅಂಟು ತೆಗೆದು, ತೊಳೆದು ಮತ್ತೆ ಅಷ್ಟೇ ಒಣಗಿಸಿ ತೂಗಿ, ಹಿಪ್ಪುನೇರಳೆ ರೇಷ್ಮೇಲಿ ಸಾಮಾನ್ಯವಾಗಿ 20ರಿಂದ 30 ಪರ್ಸೆಂಟ್ ಇಳಿಯುತ್ತೆ. ಎರಡು ಲಾಟ್ ಹೋಲಿಸೋಕೆ ಫೋಟೋಗಿಂತ ಈ ತಕ್ಕಡೀನೇ ನಂಬಿಕಸ್ತ.