ಏಷ್ಯಾಗೆಲ್ಲ ಒಂದೇ ಫಂಡ್ ಯಾಕಿಲ್ಲ?

ಏಷ್ಯಾದಲ್ಲಿ ಇಷ್ಟೊಂದು ಉಳಿತಾಯ ಇದ್ದರೂ ಒಂದೇ ಮ್ಯೂಚುವಲ್ ಫಂಡನ್ನು ಎಲ್ಲ ದೇಶಗಳಲ್ಲಿ ಯಾಕೆ ಮಾರಲು ಆಗುತ್ತಿಲ್ಲ ಎಂದು ಕೇಳಿದ್ದೀರಿ. ಯುರೋಪಿನಲ್ಲಿ ಫಂಡ್‌ಗಳಿಗೆ ಯುಸಿಟ್ಸ್ ಎಂಬ ಸಾಮಾನ್ಯ ನಿಯಮವಿದೆ. ಲಕ್ಸೆಂಬರ್ಗ್‌ನಲ್ಲಿ ಒಪ್ಪಿಗೆ ಪಡೆದ ಫಂಡನ್ನು ಜರ್ಮನಿಯಲ್ಲೂ ಮಾರಬಹುದು. ಅದರ ಹಿಂದೆ ಯುರೋಪಿಯನ್ ಒಕ್ಕೂಟದ ಕಾನೂನಿದೆ. ಏಷ್ಯಾದಲ್ಲಿ ಅಂಥ ಒಕ್ಕೂಟವೇ ಇಲ್ಲ ಅಲ್ವಾ?

ಹಾಗಂತ ಯಾರೂ ಸುಮ್ನೆ ಕೂತಿಲ್ಲ. ಒಂದು ಸದಸ್ಯ ದೇಶದ ಫಂಡನ್ನು ಇನ್ನೊಂದರಲ್ಲೂ ಮಾರಲು ಅನುವಾಗಲೆಂದು 2019ರಲ್ಲಿ ಏಷ್ಯಾ ರೀಜನ್ ಫಂಡ್ಸ್ ಪಾಸ್‌ಪೋರ್ಟ್ ಎಂಬ ವ್ಯವಸ್ಥೆ ಶುರುವಾಯಿತು. ಸೇರಿದ್ದು ಜಪಾನ್, ದಕ್ಷಿಣ ಕೊರಿಯಾ, ಥಾಯ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮಾತ್ರ. ಚೀನಾ, ಭಾರತ, ಸಿಂಗಪುರ ಹೊರಗೇ ಉಳಿದವು. ತೆರಿಗೆ, ಕರೆನ್ಸಿ, ಮಾರಾಟದ ನಿಯಮ ಎಲ್ಲವೂ ಒಂದೊಂದು ಕಡೆ ಒಂದೊಂದು ಥರ.

ನನ್ನ ಪ್ರಕಾರ ಫಂಡ್ ಕಂಪನಿಗಳಿಗೆ ದೊಡ್ಡ ಅವಕಾಶ ಗಡಿ ದಾಟುವುದರಲ್ಲಿ ಇಲ್ಲ, ಒಂದೊಂದು ದೇಶದ ಒಳಗೇ ಇದೆ. ಜಪಾನನ್ನೇ ನೋಡಿ. ಅಲ್ಲಿನ ಕುಟುಂಬಗಳ ಹಣಕಾಸು ಆಸ್ತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನಗದು ಮತ್ತು ಠೇವಣಿ. ಅದನ್ನು ಹೊರಗೆ ತರಲೆಂದೇ 2024ರ ಜನವರಿಯಿಂದ ನಿಸಾ ಎಂಬ ಉಳಿತಾಯ-ಹೂಡಿಕೆ ಖಾತೆಯ ತೆರಿಗೆರಹಿತ ಹೂಡಿಕೆ ಮಿತಿಯನ್ನು ವರ್ಷಕ್ಕೆ 36 ಲಕ್ಷ ಯೆನ್‌ವರೆಗೆ ಏರಿಸಿದರು. ಹಣ ಬಂತು ನಿಜ. ಆದರೆ ಅದರಲ್ಲಿ ಜಾಸ್ತಿ ಹೋಗಿದ್ದು ವಿದೇಶಿ ಷೇರುಗಳ ಅಗ್ಗದ ಇಂಡೆಕ್ಸ್ ಫಂಡ್‌ಗಳಿಗೆ, ಅಂದರೆ ಷೇರು ಸೂಚ್ಯಂಕವನ್ನೇ ಹಿಂಬಾಲಿಸುವ ಫಂಡ್‌ಗಳಿಗೆ. ಅವುಗಳಲ್ಲಿ ಶುಲ್ಕ ತೀರಾ ಕಡಿಮೆ. ಹಾಗಾಗಿ ಹಣ ಹರಿದುಬಂದರೂ ಫಂಡ್ ಕಂಪನಿಗೆ ಉಳಿಯುವುದು ಅಷ್ಟಕ್ಕಷ್ಟೇ.