ವಿಸಿಟಿಂಗ್ ಕಾರ್ಡ್, ಲೆಟರ್‌ಹೆಡ್, ಕವರ್: ಮೂರೂ ಒಂದೇ ಸೆಟ್ ಅನ್ನಿಸಬೇಕಾದರೆ

ತುಮಕೂರಿನಲ್ಲಿ ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸ್ ತೆರೀತಿದ್ದೀನಿ, ಮೂರೂ ಹೊಂದುವ ಹಾಗೆ ಪ್ರೆಸ್‌ನವರಿಗೆ ಏನು ಹೇಳಲಿ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಎಲ್ಲರೂ ಕಾರ್ಡ್ ಮೊದಲು ಮಾಡಿಸ್ತಾರೆ. ನಾನಾದರೆ ಲೆಟರ್‌ಹೆಡ್‌ನಿಂದ ಶುರು ಮಾಡಿ ಅಂತೀನಿ.

ಕಾರಣ ಕಾಗದ. ಕಾರ್ಡಿಗೆ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಆರ್ಟ್ ಕಾರ್ಡ್, ಅಂದರೆ ನುಣುಪು ಲೇಪನದ ದಪ್ಪ ಕಾಗದ, ಅದರ ಮೇಲೆ ಲ್ಯಾಮಿನೇಷನ್. ಲೆಟರ್‌ಹೆಡ್‌ಗೆ 100 ಜಿಎಸ್‌ಎಂ ಬಾಂಡ್, ಅಂದರೆ ಲೇಪನವಿಲ್ಲದ ಬರೆಯೋ ಕಾಗದ. ಬಾಂಡ್ ಶಾಯಿ ಹೀರಿಕೊಳ್ಳುತ್ತೆ, ಹಾಗಾಗಿ ಕಾರ್ಡ್ ಮೇಲೆ ಮಿಂಚೋ ನೀಲಿ ಇಲ್ಲಿ ಮಂಕಾಗುತ್ತೆ. ಬಾಂಡ್ ಮೇಲೆ ಒಪ್ಪುವ ಬಣ್ಣವನ್ನ ಮೊದಲು ಗೊತ್ತು ಮಾಡಿಕೊಂಡು ಅದನ್ನೇ ಕಾರ್ಡಿಗೆ ಒಯ್ಯಿರಿ. ಕಪ್ಪಿನ ಜೊತೆ ಒಂದೇ ಬಣ್ಣ ಸಾಕು, ಗ್ರೇಡಿಯಂಟ್ (ಗಾಢದಿಂದ ತಿಳಿಗೆ ಜಾರೋ ಬಣ್ಣ) ಖಂಡಿತ ಬೇಡ. ಸಣ್ಣ ಅಕ್ಷರವೆಲ್ಲ ಬರೀ ಕಪ್ಪು ಶಾಯಿಯಲ್ಲಿರಲಿ. ನಾಲ್ಕು ಬಣ್ಣ ಬೆರೆಸಿದ ಕಪ್ಪಾದರೆ, ರಿಜಿಸ್ಟ್ರೇಷನ್ (ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರೋದು) ಕೂದಲೆಳೆಯಷ್ಟು ಜರುಗಿದರೂ ಫೋನ್ ನಂಬರಿನ ಸುತ್ತ ಬಣ್ಣದ ನೆರಳು ಬೀಳುತ್ತೆ.

ಲೆಟರ್‌ಹೆಡ್‌ನಲ್ಲಿ ಎಡಗಡೆ 25 ಮಿ.ಮೀ. ಬಿಡಿ, ಫೈಲಿಗೆ ಪಂಚ್ ಹೊಡೆದಾಗ ಹೆಸರು ತೂತಾಗಲ್ಲ. ಆಫ್‌ಸೆಟ್‌ನಲ್ಲೇ (ಪ್ಲೇಟ್ ಮಾಡಿ ಶಾಯಿಯಲ್ಲಿ ಮುದ್ರಿಸೋ ವಿಧಾನ) ಮಾಡಿಸಿ, ಟೋನರ್‌ನಲ್ಲಿ (ಲೇಸರ್ ಪ್ರಿಂಟರಿನ ಪುಡಿಯಲ್ಲಿ) ಪ್ರಿಂಟಾದ ಲೆಟರ್‌ಹೆಡ್ ನಿಮ್ಮ ಲೇಸರ್ ಪ್ರಿಂಟರಿನ ಬಿಸಿಗೆ ಮತ್ತೆ ಕರಗಿ ರೋಲರಿಗೆ ಅಂಟಬಹುದು.

ಎ4 ಹಾಳೆ ಮೂರು ಮಡಿಕೆಯಾದಾಗ ಎತ್ತರ 99 ಮಿ.ಮೀ. 9×4 ಇಂಚಿನ ಕವರ್ ಅಗ್ಗ ಅಂತ ತಗೊಂಡರೆ ಉಳಿಯೋ ಜಾಗ ಎರಡೂವರೆ ಮಿ.ಮೀ. ಅಷ್ಟೇ, ನಾಲ್ಕು ಹಾಳೆ ಇದ್ದರೆ ತುರುಕಬೇಕಾಗುತ್ತೆ. 9.5×4.25 ಇಂಚಿನದು ತಗೊಳ್ಳಿ. ರೆಡಿಮೇಡ್ ಕವರಿನಲ್ಲಿ ಅಂಚಿನವರೆಗೆ ಬಣ್ಣ ಓಡಿಸಕ್ಕಾಗಲ್ಲ, ಅಂಚಿನಿಂದ 10 ಮಿ.ಮೀ. ಬಿಟ್ಟೇ ಇರಲಿ. ಬಲ ಮೇಲ್ತುದಿ ಸ್ಟ್ಯಾಂಪಿಗೆ, ನಿಮ್ಮ ವಿಳಾಸ ಎಡಕ್ಕೆ.

ಕಾರ್ಡ್ 3.5×2 ಇಂಚು, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸೋ ಗೆರೆಯಾಚೆ ಹೆಚ್ಚುವರಿಯಾಗಿ ಬಿಡೋ ಬಣ್ಣ). ಹಿಂಬದಿಗೆ ಲ್ಯಾಮಿನೇಷನ್ ಬೇಡ ಅನ್ನಿ, ಪೆನ್ನಲ್ಲಿ ಏನಾದರೂ ಬರೆದುಕೊಡಬಹುದು.

ಹೆಚ್ಚು ಕೆಡೋದು ಕನ್ನಡ ಅಕ್ಷರ. 9 ಪಾಯಿಂಟಿಗಿಂತ ಚಿಕ್ಕದಾದರೆ ಒತ್ತಕ್ಷರ ಮುಚ್ಚಿಕೊಳ್ಳುತ್ತೆ, ಸಾಲುಗಳನ್ನ ಒತ್ತೊತ್ತಾಗಿಟ್ಟರೆ ಒತ್ತು ಕೆಳಗಿನ ಸಾಲಿಗೆ ತಾಗುತ್ತೆ. ನೀವು ಮೊಬೈಲಿನಿಂದ ಕಳಿಸೋದು ಯೂನಿಕೋಡ್. ಪ್ರೆಸ್‌ನಲ್ಲಿ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟ್ ಇದ್ದರೆ ಅದನ್ನ ಮತ್ತೆ ಟೈಪ್ ಮಾಡ್ತಾರೆ, ಅರ್ಕಾವತ್ತು ಮೊದಲು ತಪ್ಪೋದೇ ಅಲ್ಲಿ. ಪ್ರೂಫನ್ನ ಕಾಗದದ ಮೇಲೆ ಓದಿ, ತಿದ್ದಿಸಿ, ಆಮೇಲೆ ಕರ್ವ್ಸ್ ಮಾಡಿಸಿ, ಅಂದರೆ ಅಕ್ಷರಗಳನ್ನ ಫಾಂಟ್ ಬೇಕಿಲ್ಲದ ಚಿತ್ರರೇಖೆಗಳಾಗಿ ಬದಲಾಯಿಸಿ. ಇಂಗ್ಲಿಷ್ ವಿಳಾಸದಲ್ಲಿ ಊರಿನ ಹೆಸರು 2014ರ ನಂತರದ ಸ್ಪೆಲ್ಲಿಂಗ್‌ನಲ್ಲೇ (Tumakuru) ಮೂರರಲ್ಲೂ ಬರಲಿ.

ಇನ್ನೊಂದು, ಅದೇ ಬಾಂಡ್ ಪ್ಯಾಕಿನಿಂದ ನೂರು ಖಾಲಿ ಹಾಳೆ ಕೇಳಿ ತಗೊಳ್ಳಿ. ಪತ್ರದ ಎರಡನೇ ಪುಟಕ್ಕೆ ಬೇರೆ ಕಾಗದ ಹಾಕಿದರೆ ಬಿಳುಪಿನ ವ್ಯತ್ಯಾಸ ಎದ್ದು ಕಾಣುತ್ತೆ.