ಪರ್ಜ್‌ಗೆ 200 ಬಂತು, ತಲೆಬರಹ ಮಾತ್ರ ಹಳೇದೇ

ಪ್ರಶ್ನೆ: ನಮ್ಮದು ಸುದ್ದಿ ಜಾಲತಾಣ. ಓದುಗರನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದೆ, ಪುಟಗಳ ಪ್ರತಿಯನ್ನು ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಇಟ್ಟು ಬಡಿಸುವ ಎರಡು ವಾರ್ನಿಶ್ ಸರ್ವರ್‌ಗಳಿವೆ. ಸುದ್ದಿ ತಿದ್ದಿದ ಕೂಡಲೇ ಪರ್ಜ್ (ಕ್ಯಾಶ್‌ನಲ್ಲಿರುವ ಹಳೇ ಪ್ರತಿ ಅಳಿಸುವ ಆದೇಶ) ಹೋಗುತ್ತದೆ, ಉತ್ತರವೂ 200, ಅಂದರೆ 'ಸರಿ'. ಆದರೂ ಕೆಲವು ಸಲ ಹಳೇ ತಲೆಬರಹವೇ ಕಾಣುತ್ತದೆ. ವಾರ್ನಿಶ್‌ನಲ್ಲಿ ಬಗ್ ಇದೆಯೇ?

ಉತ್ತರ: ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕವಿಲ್ಲ. ಬಗ್ ಇಲ್ಲ ಸ್ವಾಮಿ. ಆ 200 ನೋಡಿ ಸಮಾಧಾನಪಡಬೇಡಿ. ಪುಟ ಕ್ಯಾಶ್‌ನಲ್ಲಿ ಇಲ್ಲದಿದ್ದರೂ ವಾರ್ನಿಶ್ 'ಪರ್ಜ್ಡ್' ಎಂದು 200 ಕೊಟ್ಟೇ ಕೊಡುತ್ತದೆ. ಇದೇ ಬಗೆಯ ಇನ್ನೊಂದು ತಂತ್ರಾಂಶ ಸ್ಕ್ವಿಡ್ ಆದರೋ ಇಲ್ಲದ್ದಕ್ಕೆ 404 ('ಸಿಗಲಿಲ್ಲ') ಎಂದು ಮುಖಕ್ಕೇ ಹೇಳುತ್ತದೆ.

ನೋಡಬೇಕಾದ್ದು ಏಜ್ ಹೆಡರ್: ಪುಟ ಕ್ಯಾಶ್ ಸೇರಿ ಎಷ್ಟು ಸೆಕೆಂಡ್ ಆಯಿತೆಂದು ಉತ್ತರದ ಜೊತೆ ಬರುವ ಸಾಲು. ಬ್ಯಾಲೆನ್ಸರ್ ತಪ್ಪಿಸಿ, ಎರಡೂ ಸರ್ವರ್‌ಗೆ ಬೇರೆಬೇರೆಯಾಗಿ, ಸೈಟಿನ ಹೋಸ್ಟ್ ಹೆಸರು ಕೊಟ್ಟು ಕರ್ಲ್ (ಕಮಾಂಡ್ ಸಾಲಿನಿಂದ ಪುಟ ಕೇಳುವ ಸಾಧನ) ಹೊಡೆಯಿರಿ. ಪರ್ಜ್‌ಗೆ ಮುಂಚೆ ಏಜ್ 412 ಇದ್ದದ್ದು ಆಮೇಲೆ 415 ಆಗಿದ್ದರೆ, ಪರ್ಜ್ ಆ ಪುಟವನ್ನು ಮುಟ್ಟಿಯೇ ಇಲ್ಲ. ಒಂದೇ ಸರ್ವರ್‌ಗೆ ಕಳಿಸಿರುತ್ತೀರಿ. ಇಲ್ಲವೇ ಸ್ಕ್ರಿಪ್ಟ್ 127.0.0.1ಕ್ಕೆ (ತಾನಿರುವ ಯಂತ್ರಕ್ಕೇ) ಪರ್ಜ್ ಕಳಿಸಿ, ಸೈಟಿನ ಹೆಸರು ಹೇಳುವ ಹೋಸ್ಟ್ ಹೆಡರ್ ಮರೆತಿರುತ್ತದೆ. ವಾರ್ನಿಶ್ ಪುಟವನ್ನು ಗುರುತಿಸುವುದು ಯುಆರ್‌ಎಲ್ ಮತ್ತು ಹೋಸ್ಟ್ ಎರಡನ್ನೂ ಸೇರಿಸಿ; ನೀವು ತಟ್ಟಿದ್ದು ಪಕ್ಕದ ಮನೆಯ ಬಾಗಿಲು. ಫೇಸ್‌ಬುಕ್‌ನಿಂದ ಬಂದವರಿಗೆ ಮಾತ್ರ ಹಳೇದು ಕಂಡರೆ ಯುಆರ್‌ಎಲ್‌ಗೆ ಅಂಟಿಕೊಂಡ ಎಫ್‌ಬಿಕ್ಲಿಡ್ (fbclid, ಫೇಸ್‌ಬುಕ್ ಸೇರಿಸುವ ಗುರುತು) ಬಾಲ ನೋಡಿ. ಒಂದೊಂದು ಬಾಲಕ್ಕೂ ಕ್ಯಾಶ್‌ನಲ್ಲಿ ಒಂದೊಂದು ಪ್ರತಿ! ವಿಸಿಎಲ್‌ನ (ವಾರ್ನಿಶ್‌ಗೆ ನಿಯಮ ಬರೆಯುವ ಭಾಷೆ) ಆರಂಭದಲ್ಲೇ ಬಾಲ ಕತ್ತರಿಸಿ.

ಏಜ್ 2 ಎಂದಿದ್ದು ತಲೆಬರಹ ಹಳೇದೇ ಇದ್ದರೆ ಕಥೆ ಬೇರೆ. ಪರ್ಜ್ ತನ್ನ ಕೆಲಸ ಮಾಡಿದೆ, ಹಳಸಿದ್ದನ್ನು ಬಡಿಸಿದ್ದು ಬ್ಯಾಕೆಂಡ್, ಅಂದರೆ ಪುಟ ತಯಾರಿಸುವ ಹಿಂದಿನ ಸರ್ವರ್. ಇದನ್ನು ಕಲಿಯಲು ನಾನು ಒಂದು ಕಚೇರಿಯಲ್ಲಿ ಬೆಳಗಿನ ಜಾವ ಮೂರರವರೆಗೆ ಕೂತಿದ್ದೆ. ಸಂಪಾದಕರು 'ಸೇವ್' ಒತ್ತಿದೊಡನೆ ಪರ್ಜ್ ಓಡುತ್ತಿತ್ತು. ಡೇಟಾಬೇಸ್‌ನ ಪ್ರತಿಗೆ ತಿದ್ದುಪಡಿ ತಲುಪಲು ನಾಲ್ಕು ಸೆಕೆಂಡ್ ಬೇಕಿತ್ತು. ಆ ಸಂದಿಯಲ್ಲಿ ಯಾರೋ ಓದುಗ ಪುಟ ತೆರೆದರೆ ಮುಗಿಯಿತು, ಹಳೇ ಪುಟವೇ ಹೊಸದಾಗಿ ಕ್ಯಾಶ್ ಸೇರಿತು. ಓದುಗರು ಕಡಿಮೆ ಇದ್ದಾಗ ತೊಂದರೆ ಕಾಣುತ್ತಲೇ ಇರಲಿಲ್ಲ. ಕಮಿಟ್ ಆದಮೇಲೆ (ತಿದ್ದುಪಡಿ ಡೇಟಾಬೇಸ್‌ನಲ್ಲಿ ಉಳಿದ ಮೇಲೆ) ಒಂದು ಪರ್ಜ್, ಹತ್ತು ಸೆಕೆಂಡ್ ಬಿಟ್ಟು ಇನ್ನೊಂದು ಕಳಿಸಿ. ಚೆಂದದ ಪರಿಹಾರವಲ್ಲ, ಗೊತ್ತು. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ.

ಪರ್ಜ್ ಇದೆ ಎಂದು ಟಿಟಿಎಲ್ (ಪ್ರತಿ ಕ್ಯಾಶ್‌ನಲ್ಲಿ ಉಳಿಯುವ ಅವಧಿ) ಒಂದು ವಾರ ಇಡುವವರನ್ನು ಕಂಡರೆ ಮೈ ಉರಿಯುತ್ತದೆ. ವಿಕಿಪೀಡಿಯದ ಸರ್ವರ್‌ಗಳಲ್ಲೇ ವರ್ಷಗಟ್ಟಲೆ ಪರ್ಜ್ ಹೋಗುತ್ತಿದ್ದದ್ದು, ತಲುಪಿತೋ ಇಲ್ಲವೋ ನೋಡದೆ ಹಲವು ಸರ್ವರ್‌ಗೆ ಒಮ್ಮೆಲೇ ಕಳಿಸುವ ಯುಡಿಪಿ ಮಲ್ಟಿಕಾಸ್ಟ್‌ನಲ್ಲಿ. ಪ್ಯಾಕೆಟ್ ಕಳೆದರೆ ಕೇಳುವವರಿರಲಿಲ್ಲ. 2020ರಲ್ಲಿ ಅವರು ಸಂದೇಶಗಳನ್ನು ಉಳಿಸಿಟ್ಟು ತಲುಪಿಸುವ ಕಾಫ್ಕಾಗೆ ಬದಲಾದರು. ನಿಮ್ಮ ಸುದ್ದಿಪುಟಕ್ಕೆ ಐದು ನಿಮಿಷದ ಟಿಟಿಎಲ್ ಸಾಕು.

ಪ್ರಶ್ನೆ: ಅರ್ಧ ಗಂಟೆಗೊಮ್ಮೆ ವಾರ್ನಿಶ್ ರೀಸ್ಟಾರ್ಟ್ ಮಾಡುವ ಕ್ರಾನ್ (ಗೊತ್ತಾದ ಹೊತ್ತಿಗೆ ತಾನೇ ಓಡುವ ಕೆಲಸ) ಹಾಕಿ ಎಂದು ಕನ್ಸಲ್ಟೆಂಟ್ ಹೇಳಿದ್ದಾರೆ. ಸರಿಯೇ?

ಉತ್ತರ: ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ. ಪ್ರತಿ ಸಲವೂ ಇಡೀ ಕ್ಯಾಶ್ ಖಾಲಿಯಾಗಿ ಟ್ರಾಫಿಕ್ಕೆಲ್ಲ ಬ್ಯಾಕೆಂಡ್ ಮೇಲೆ ಬೀಳುತ್ತದೆ. ಇದಕ್ಕೂ ಬಿಲ್ ಕೊಟ್ಟರೇ ಅವರು?

ಪ್ರಶ್ನೆ: ಪರ್ಜ್ ಬಿಟ್ಟು ಎಲ್ಲದಕ್ಕೂ ಬ್ಯಾನ್ (ಒಂದು ನಿಯಮಕ್ಕೆ ಹೊಂದುವ ಹಳೇ ಪ್ರತಿಗಳನ್ನೆಲ್ಲ ತಳ್ಳಿಹಾಕುವ ಆದೇಶ) ಬಳಸಬಹುದೇ?

ಉತ್ತರ: ಬಳಸಬಹುದು. ರಿಕ್ವೆಸ್ಟ್‌ನ ಯುಆರ್‌ಎಲ್ ಮೇಲೆ ಬರೆದ ಬ್ಯಾನ್‌ಗಳನ್ನು ಬ್ಯಾನ್ ಲರ್ಕರ್ (ಹಿನ್ನೆಲೆಯಲ್ಲಿ ಬ್ಯಾನ್ ಪಟ್ಟಿ ಕರಗಿಸುವ ಕೆಲಸಗಾರ) ಮುಟ್ಟುವುದಿಲ್ಲ, ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಯುಆರ್‌ಎಲ್ ಅನ್ನು ಆಬ್ಜೆಕ್ಟ್‌ನ (ಕ್ಯಾಶ್‌ನಲ್ಲಿರುವ ಪ್ರತಿಯ) ಹೆಡರ್‌ನಲ್ಲಿ ಉಳಿಸಿ ಅದರ ಮೇಲೆ ಬರೆಯಿರಿ.

ಪ್ರಶ್ನೆ: ಪರ್ಜ್ ಮಾಡಿದರೂ ನನ್ನ ಫೋನಿನಲ್ಲಿ ಹಳೇ ಲೋಗೋ ಇದೆ.

ಉತ್ತರ: ಅದು ನಿಮ್ಮ ಬ್ರೌಸರ್‌ನ ಕ್ಯಾಶ್. ಫೈಲಿನ ಹೆಸರು ಬದಲಿಸಿ.